ನಾಲ್ಕು ಲಾಳದ ಪೆಟ್ಟಿಗೆ

ಕಳೆದ ಭಾನುವಾರ ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಬೆಸುಗೆಯ ವಾಸನೆ ಬಂತು. ಸೀಸದ ತಂತಿ ಕರಗುವಾಗ ಅದರೊಳಗಿನ ರಾಳ ಸುಟ್ಟು ಏಳುವ ಆ ವಾಸನೆಯ ಪರಿಚಯ ನಿಮಗೂ ಇರಬಹುದು. ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಬಿಡುವಂಥದ್ದಲ್ಲ. ಮೂರನೇ ಮಹಡಿಯ ಶಿಂದೆಯವರ ಹೊಸ ಕಾರಿನ ಡಿಕ್ಕಿ ತೆರೆದಿತ್ತು. ಒಬ್ಬ ಫಿಟರ್ ಅದರೊಳಗೆ ಅರ್ಧ ಮೈ ತೂರಿಸಿಕೊಂಡು ಸ್ಪೀಕರಿನ ತಂತಿಗಳನ್ನು ಜೋಡಿಸುತ್ತಿದ್ದ. ಶಿಂದೆ ಪಕ್ಕದಲ್ಲಿ ಕೈಕಟ್ಟಿ ನಿಂತು ಅವನಿಗೆ ಒಂದೇ ಸಮನೆ ಏನೋ ಹೇಳುತ್ತಿದ್ದರು. ನನ್ನನ್ನು ಕಂಡು ಅವರಿಗೆ ಬಲ ಬಂದಂತಾಯಿತು.

"ಅಂಕಲ್, ಆಪ್ ತೋ ಇಂಜಿನಿಯರ್ ಹೈಂ. ಜರಾ ಇಸ್‌ಕೋ ಸಮಝಾಯಿಯೇ."

ಇವನಿಗೆ ಸ್ವಲ್ಪ ತಿಳಿಸಿ ಹೇಳಿ ಎನ್ನುತ್ತಿದ್ದಾರೆ. ಫಿಟರ್ ತಲೆ ಹೊರಗೆ ತೆಗೆದು ನನ್ನನ್ನು ನೋಡಿದ. ನಲವತ್ತು ದಾಟಿದವನು. ನಾನು ಏನು ಹೇಳಬಹುದೆಂದು ಮೊದಲೇ ಗೊತ್ತಿದ್ದವನ ಹಾಗೆ ಸುಮ್ಮನೆ ಕಾದ. ನನಗೆ ಇದೊಂದೂ ಬರುವುದಿಲ್ಲ, ಅವರಿಗೇ ಗೊತ್ತಿರುತ್ತದೆ ಎಂದು ಹೇಳಿ ಲಿಫ್ಟನ್ನೂ ಕಾಯದೆ ಮೆಟ್ಟಿಲು ಹತ್ತಿಬಿಟ್ಟೆ. ಮನೆಗೆ ಬಂದಾಗ ಹೆಂಡತಿ, "ಹಾಲೆಲ್ಲಿ?" ಎಂದಳು. ಕೈಯಲ್ಲಿ ಬರೀ ಚೀಲವಿತ್ತು.

ನಾನು ಮುಂಬಯಿಗೆ ಬಂದದ್ದು ಎಂಬತ್ತರ ದಶಕದ ನಡುವೆ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಟ್ರೈನಿಯಾಗಿ. ಉಳಿದುಕೊಂಡದ್ದು ವಿಲೆ ಪಾರ್ಲೆಯಲ್ಲಿ, ಅಕ್ಕನ ಮನೆಯಲ್ಲಿ. ಹಾಗೆ ಉಳಿಯುವುದು ಸುಲಭದ ಮಾತಾಗಿರಲಿಲ್ಲ. ನಾವು ತುಮಕೂರಿನ ಕಡೆಯವರು. ಅಪ್ಪ ಅಂಚೆ ಕಚೇರಿಯ ನೌಕರಿಯಲ್ಲಿ ಹುಬ್ಬಳ್ಳಿಗೆ ವರ್ಗವಾಗಿದ್ದಾಗ ಅಕ್ಕ ಅಲ್ಲಿನ ರೇಡಿಯೋ ರಿಪೇರಿಯ ಈರಣ್ಣನನ್ನು ಮೆಚ್ಚಿ ಮದುವೆಯಾಗಿ ಮುಂಬಯಿಗೆ ಹೊರಟುಬಂದಳು. ಜಾತಿ ಬೇರೆ, ಓದು ಏಳನೇ ಇಯತ್ತೆ. ಅಪ್ಪ ಮದುವೆಗೆ ಹೋಗಲಿಲ್ಲ. ಮೂರು ವರ್ಷ ಅವಳಿಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಕೊನೆಗೆ ಬರೆದ ಮೊದಲ ಕಾಗದದಲ್ಲೇ, ನಿನ್ನ ತಮ್ಮನಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಿದೆ, ಮನೆ ಸಿಗುವವರೆಗೆ ನಿಮ್ಮಲ್ಲಿ ಇರಬಹುದೇ ಎಂದು ಕೇಳಿದ್ದರು. ಅದನ್ನು ನೆನೆದರೆ ಅಪ್ಪನ ಪರವಾಗಿ ನನಗೇ ಮುಖ ಬಿಸಿಯಾಗುತ್ತದೆ. ಆದರೆ ನಾಚಿಕೆಯ ವಿಷಯದಲ್ಲಿ ನಾನು ಅವರನ್ನು ಬಹಳ ಹಿಂದೆ ಹಾಕಿದೆ, ಆ ಮಾತಿಗೆ ಬರುತ್ತೇನೆ.

ಈರಣ್ಣ ಭಾವ ದಾದರ್ ಸ್ಟೇಷನ್ನಿಗೆ ಬಂದಿದ್ದರು. ನನ್ನ ಕೈಯಿಂದ ಟ್ರಂಕು ಕಿತ್ತುಕೊಂಡು, "ಬಾ ತಮ್ಮಾ. ನಿಮ್ಮಕ್ಕ ನಿನ್ನೆಯಿಂದ ಕುಂತಲ್ಲೆ ಕುಂತಿಲ್ಲ" ಎಂದರು. ಚಾಳಿನಲ್ಲಿ ಒಂದೇ ಖೋಲಿ. ನನಗೆ ಬೆಳಗಿನ ಪಾಳಿ, ನಿದ್ದೆ ಕೆಡಬಾರದೆಂದು ಭಾವ ಎರಡು ವರ್ಷ ಹೊರಗೆ ಗ್ಯಾಲರಿಯಲ್ಲಿ ಮಲಗಿದರು. ಒಳಗೆ ಸೆಕೆ, ಇಲ್ಲಿ ಗಾಳಿ ಚಲೋ ಬರ್ತೈತಿ ಎನ್ನುತ್ತಿದ್ದರು. ಆ ಗ್ಯಾಲರಿಯಲ್ಲಿ ಗಾಳಿಯ ಜೊತೆ ಇನ್ನೂ ಏನೇನು ಬರುತ್ತಿತ್ತೆಂಬುದು ಚಾಳಿನಲ್ಲಿ ಇದ್ದವರಿಗೆ ಗೊತ್ತು. ನಾನು ಮಾತ್ರ ಅವರ ಮಾತನ್ನು ನಂಬಿ ಒಳಗೆ ಫ್ಯಾನಿನ ಕೆಳಗೆ ಮಲಗಿದೆ. ಇಂಜಿನಿಯರಿಂಗ್ ಓದಿದವರು ಕೆಲವು ಮಾತುಗಳನ್ನು ಬಹಳ ಬೇಗ ನಂಬುತ್ತಾರೆ.

ಭಾವ ಮೊದಲು ಗ್ರಾಂಟ್ ರೋಡಿನ ಒಂದು ಅಂಗಡಿಯಲ್ಲಿ ಕಾರಿಗೆ ಟೇಪು, ಸ್ಪೀಕರು ಕೂರಿಸುವ ಕೆಲಸಕ್ಕಿದ್ದರು. ಆಮೇಲೆ ಪಾರ್ಲೆಯಲ್ಲೇ, ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಗಾಳಾ, ಎಂದರೆ ಶೆಟರಿನ ಮಳಿಗೆ, ಹಿಡಿದು ಸ್ವಂತ ಕೆಲಸ ಶುರುಮಾಡಿದರು. ಭಾನುವಾರ ನಾನೂ ಹೋಗಿ ಟಾರ್ಚು ಹಿಡಿದು ನಿಲ್ಲುತ್ತಿದ್ದೆ. ಸ್ಪೀಕರಿನ ಎರಡು ತಂತಿಗೆ ಅವರು ಒಂದು ಪೆನ್ಸಿಲ್ ಸೆಲ್ ಮುಟ್ಟಿಸುವರು. ಒಳಗಿನ ಕಾಗದದ ಬಟ್ಟಲು ಟಪ್ ಎಂದು ಮುಂದಕ್ಕೋ ಹಿಂದಕ್ಕೋ ಜಿಗಿಯುವುದು. ಮುಂದಕ್ಕೆ ಬಂದರೆ ಒಂದು ಗುರುತು, ಹಿಂದಕ್ಕೆ ಹೋದರೆ ಇನ್ನೊಂದು. "ಒಂದು ಮುಂದ ಬಂದಾಗ ಇನ್ನೊಂದು ಹಿಂದ ಹೋಗಬಾರ್ದು ತಮ್ಮಾ. ಹೋತಂದ್ರ ಎರಡೂ ಕೂಡಿ ಒಂದರ ದನಿ ಇನ್ನೊಂದು ನುಂಗ್ತಾವು."

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಪ್ರತಿ ಸ್ಪೀಕರಿನ ಬೆನ್ನಿಗೂ ಒಂದು ಅಂಕಿ, ಅದರ ಪಕ್ಕ ಕುದುರೆಯ ಲಾಳದಂಥ ಒಂದು ಗುರುತು ಇರುತ್ತದಲ್ಲ, ನಾವು ಓಮ್ ಎಂದು ಓದುವುದು, ಅದು ಅವರಿಗೆ ಲಾಳವೇ. "ಇದು ನಾಕು ಲಾಳದ್ದು, ಅದು ಎಂಟು ಲಾಳದ್ದು" ಎನ್ನುತ್ತಿದ್ದರು. ಆಂಪ್ಲಿಫೈಯರಿನ ಬೆನ್ನಿಗೂ ಲಾಳವಿರುತ್ತದೆ. ಅದು ಹೇಳಿದ್ದಕ್ಕಿಂತ ಕಡಿಮೆ ಲಾಳ ಹೊರಿಸಿದರೆ ಅದು ತಡೆಯಲಾರದೆ ಸುಟ್ಟುಹೋಗುತ್ತದೆ. ಕಡಿಮೆ ಹೊರಿಸಿದರೆ ಸುಡುವುದೇಕೆ ಎಂದು ನಾನು ಕೇಳಿದ್ದೆ. ಭಾವ ಚಾಳಿನ ನೀರಿನ ಟಾಕಿ ತೋರಿಸಿದರು.

"ಲಾಳ ಅಂದ್ರ ನಳದ ಬಿಗಿ. ಬಿಗಿ ಇದ್ರ ನೀರು ತಡದು ತಡದು ಬರ್ತೈತಿ. ನಾಕು ನಳ ಪಕ್ಕಪಕ್ಕ ಹಚ್ಚಿ ಎಲ್ಲಾ ಒಮ್ಮೆ ಬಿಡು, ಟಾಕಿ ಗತಿ ಏನಾಗ್ತೈತಿ? ಅದಕ್ಕ ಎರಡನ್ನ ಒಂದರ ಹಿಂದ ಒಂದು ಸಾಲಾಗಿ ಕಟ್ಟು. ನಾಕೂ ನಾಕೂ ಎಂಟು ಲಾಳ. ಇನ್ನೆರಡನ್ನೂ ಹಂಗ ಕಟ್ಟು, ಅದೂ ಎಂಟು. ಈಗ ಆ ಎರಡು ಜೋಡಿ ಪಕ್ಕಪಕ್ಕ ಇಡು. ಎಂಟರ ಅರ್ಧ, ಮತ್ತ ನಾಕಕ್ಕ ಬಂತು. ಸ್ಪೀಕರ ನಾಕಾದ್ವು, ಲಾಳ ನಾಕ ಉಳೀತು."

ಕಾಲೇಜಿನಲ್ಲಿ ನಾನು ಇದನ್ನೇ ಸೂತ್ರವಾಗಿ ಬರೆದು ಪಾಸಾಗಿದ್ದೆ. ಅರ್ಥವಾದದ್ದು ಆ ಟಾಕಿಯ ಕೆಳಗೆ ನಿಂತು.

ಎರಡು ವರ್ಷವಾದ ಮೇಲೆ ಕಂಪನಿಯ ಕ್ವಾರ್ಟರ್ಸ್ ಸಿಕ್ಕಿತು, ವಿಕ್ರೋಳಿಗೆ ಹೋದೆ. ಆಫೀಸರ್ ಎಂಬ ಹೆಸರು ಬಂತು, ಟೈ ಬಂತು. ನಾನು ಕೆಟ್ಟವನಾದೆ ಎಂದು ಹೇಳಿದರೆ ಅದೊಂದು ದೊಡ್ಡ ಮಾತಾಗುತ್ತದೆ. ಆದದ್ದು ಅದಕ್ಕಿಂತ ಸಣ್ಣದು. ಕ್ಯಾಂಟೀನಿನಲ್ಲಿ ಯಾರಾದರೂ, ನಿಮ್ಮ ಭಾವ ಏನು ಮಾಡುತ್ತಾರೆ ಎಂದರೆ, ಎಲೆಕ್ಟ್ರಾನಿಕ್ಸ್ ಬಿಸಿನೆಸ್ ಎನ್ನಲು ಕಲಿತೆ. ಮೊದಲ ಸಲ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಎರಡನೇ ಸಲ ತಡವರಿಸಲಿಲ್ಲ.

ನಮ್ಮ ಮ್ಯಾನೇಜರ್ ಖನ್ನಾ ಎಂಬುವರು. ಒಳ್ಳೆಯ ಮನುಷ್ಯ, ಸಂಗೀತದ ಹುಚ್ಚು. ಒಂದು ದಿನ ಅವರ ತಮ್ಮ ದುಬೈಯಿಂದ ಒಂದು ಆಂಪ್ಲಿಫೈಯರೂ ನಾಲ್ಕು ವೂಫರುಗಳೂ, ಎಂದರೆ ತಗ್ಗು ದನಿಯ ದೊಡ್ಡ ಸ್ಪೀಕರುಗಳೂ, ತಂದುಕೊಟ್ಟರಂತೆ. ಅವನ್ನು ಅಂಬಾಸಿಡರ್ ಕಾರಿನ ಡಿಕ್ಕಿಯಲ್ಲಿ ಕೂರಿಸಬೇಕು, ನಂಬುವಂಥ ಮೆಕ್ಯಾನಿಕ್ ಯಾರಾದರೂ ಗೊತ್ತೇ ಎಂದು ಕೇಳಿದರು. ಪಾರ್ಲೆಯಲ್ಲಿ ಒಬ್ಬ ಇದ್ದಾನೆ, ಒಳ್ಳೆಯ ಕೈ ಎಂದೆ. ಒಬ್ಬ ಇದ್ದಾನೆ ಎಂದೆ, ನೋಡಿ. ಅಲ್ಲೇ ನನ್ನ ಭಾವ ಎಂದಿದ್ದರೆ ಈ ಪ್ರಬಂಧ ಬರೆಯುವ ಕೆಲಸ ಇರುತ್ತಿರಲಿಲ್ಲ.

ಭಾನುವಾರ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಖನ್ನಾ ಮೆಕ್ಯಾನಿಕ್‌ಗಳನ್ನು ಬೈದರು. ಓದಿಲ್ಲ, ಬರೆದಿಲ್ಲ, ಸಾವಿರಾರು ರೂಪಾಯಿಯ ಸಾಮಾನು ಇವರ ಕೈಗೆ ಕೊಡಬೇಕು, ನೀನು ಜೊತೆಗಿದ್ದೀಯ ಎಂದು ಧೈರ್ಯ ಎಂದರು. ಪ್ರತಿ ಸಿಗ್ನಲ್ಲಿನಲ್ಲೂ ನಾನು ಬಾಯಿ ತೆರೆಯಬೇಕೆಂದುಕೊಂಡೆ. ಸಿಗ್ನಲ್ ಬಿಟ್ಟಾಗಲೆಲ್ಲ ಇನ್ನೂ ದಾರಿ ಇದೆಯಲ್ಲ ಎಂದುಕೊಂಡೆ. ಪಾರ್ಲೆ ಬಂದೇಬಿಟ್ಟಿತು.

ಭಾವ ಒಂದು ಟ್ಯಾಕ್ಸಿಯ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದ್ದರು, ಹೊರಗೆ ಕಾಲುಗಳು ಮಾತ್ರ ಕಾಣುತ್ತಿದ್ದವು. ಕಾರು ನಿಂತ ಸದ್ದಿಗೆ ತೆವಳಿಕೊಂಡು ಹೊರಬಂದರು. ನನ್ನನ್ನು ಕಂಡು ಅವರ ಮುಖವೆಲ್ಲ ಅರಳಿತು.

"ಬಾ" ಎಂದರು. ಅದರ ಮುಂದೆ ತಮ್ಮಾ ಬರುವುದಿತ್ತು.

ಅಷ್ಟರಲ್ಲಿ ನಾನು ಹೇಳಿದೆ, "ಭೈಯಾ, ಸಾಬ್ ಕೀ ಗಾಡೀ ಹೈ. ಠೀಕ್ ಸೇ ಕರ್‌ನಾ."

ಸಾಹೇಬರ ಗಾಡಿ, ಸರಿಯಾಗಿ ಮಾಡು ಎಂದು. ಅವರೊಡನೆ ನಾನು ಹಿಂದಿ ಆಡಿದ್ದು ಅದೇ ಮೊದಲು. ಭಾವ ಒಂದು ಗಳಿಗೆ ನನ್ನನ್ನು ನೋಡಿದರು, ಖನ್ನಾ ಅವರನ್ನು ನೋಡಿದರು, ನನ್ನ ಟೈ ನೋಡಿದರು. ಭಾನುವಾರವೂ ಟೈ ಕಟ್ಟಿದ್ದೆ. ಆಮೇಲೆ ಕೈಯನ್ನು ಚಿಂದಿಬಟ್ಟೆಗೆ ಒರೆಸಿಕೊಂಡು, "ಜೀ ಸಾಬ್" ಎಂದರು. ದನಿಯಲ್ಲಿ ಮುನಿಸಿರಲಿಲ್ಲ. ನನಗೆ ಏನೋ ಕಷ್ಟ ಬಂದಿದೆ, ನೆರವಾಗಬೇಕು ಎಂಬಂತೆ ಹೇಳಿದರು. ಅದನ್ನು ಇವತ್ತಿಗೂ ಸಹಿಸಲಾಗುವುದಿಲ್ಲ.

ಅಲ್ಲಿಗೇ ನಿಲ್ಲಬಹುದಿತ್ತು. ಭಾವ ಆಂಪ್ಲಿಫೈಯರನ್ನು ತಿರುವಿ ಲಾಳ ನೋಡಿದರು, ನಾಲ್ಕು. ವೂಫರುಗಳನ್ನು ನೋಡಿದರು, ನಾಲ್ಕೂ ನಾಲ್ಕು ಲಾಳದವು. ಎರಡೆರಡು ಸಾಲಾಗಿ ಕಟ್ಟಿ ಆಮೇಲೆ ಜೋಡಿ ಮಾಡುತ್ತೇನೆ ಸಾಬ್ ಎಂದು ಹಿಂದಿಯಲ್ಲಿ ಹೇಳಿದರು. ಖನ್ನಾ ನನ್ನ ಕಡೆ ತಿರುಗಿದರು. ಏನಾದರೂ ಹೇಳಬೇಕಾಗಿತ್ತು. ಸರಿ ಎಂದರೆ ನಾನು ಬಂದದ್ದು ಯಾತಕ್ಕೆ? ನಾಲ್ಕನ್ನೂ ಪಕ್ಕಪಕ್ಕ ಹಾಕಿ, ತಡೆ ಕಡಿಮೆಯಾದಷ್ಟೂ ಸದ್ದು ಹೆಚ್ಚು ಎಂದೆ.

ತಪ್ಪೆಂದು ನನಗೆ ಗೊತ್ತಿತ್ತೇ? ಎಷ್ಟೋ ವರ್ಷ ಗೊತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಮಾತು ಬಾಯಿಂದ ಹೊರಟಾಗಲೇ ಚಾಳಿನ ಟಾಕಿ ಕಣ್ಣ ಮುಂದೆ ಬಂದಿತ್ತು.

"ಗರಮ್ ಹೋ ಜಾಯೇಗಾ ಸಾಬ್" ಎಂದರು ಭಾವ ಮೆಲ್ಲಗೆ. ಬಿಸಿಯಾಗುತ್ತದೆ ಎಂದು.

"ಇಂಜಿನಿಯರ್ ಕೌನ್ ಹೈ, ತುಮ್ ಯಾ ಮೈಂ?" ಎಂದೆ.

ಇಂಜಿನಿಯರ್ ಯಾರು, ನೀನೋ ನಾನೋ ಎಂದು. ಬಹುವಚನದಲ್ಲೇ ಕರೆಯುತ್ತಿದ್ದ ಭಾವನಿಗೆ ನಾನು ತುಮ್ ಎಂದೆ. ಖನ್ನಾ ನಕ್ಕರು. ಭಾವ, ನೀವು ಹೇಳಿದ ಹಾಗೆ ಎಂದು ಡಿಕ್ಕಿಯೊಳಗೆ ಬಗ್ಗಿದರು. ಗಾಳಾದ ಹಲಗೆಯ ಮೇಲೆ ಅಕ್ಕ ಕಟ್ಟಿಕೊಟ್ಟ ಊಟದ ಡಬ್ಬಿ ಇತ್ತು. ಅದೇ ಡಬ್ಬಿಯನ್ನು ಎರಡು ವರ್ಷ ನಾನು ವಿಕ್ರೋಳಿಗೆ ಒಯ್ದಿದ್ದೆ. ನಾನು ಅದಕ್ಕೆ ಬೆನ್ನು ಮಾಡಿ ನಿಂತೆ.

ನಾವು ಚಹಾ ಕುಡಿದು ಅಡ್ಡಾಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ವೂಫರುಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಡಿಕ್ಕಿಗೆ ಹೇಳಿ ಮಾಡಿಸಿದಂತೆ ಬಿಗಿದಿದ್ದರು. ಹಾಡು ಹಾಕಿದಾಗ ತಬಲಾದ ಡಗ್ಗದ ಪೆಟ್ಟು ಬೆನ್ನಿಗೆ ಬಂದು ಮೆತ್ತಗೆ ತಾಗುತ್ತಿತ್ತು. ಖನ್ನಾ ಕಣ್ಣು ಮುಚ್ಚಿ ಕೇಳಿದರು. ವಾಪಸು ಬರುವಾಗ, ನೀನು ಹೇಳಿಕೊಡದಿದ್ದರೆ ಅವನು ಏನು ಮಾಡಿಬಿಡುತ್ತಿದ್ದನೋ ಎಂದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಮೊದಲ ಒಂದು ವಾರ ಆ ಆಂಪ್ಲಿಫೈಯರ್ ಇವತ್ತು ಸುಡುತ್ತದೆ, ನಾಳೆ ಸುಡುತ್ತದೆ ಎಂದು ಕಾದೆ. ಸುಟ್ಟರೆ ಬೈಗುಳ ಯಾರಿಗೆ ಹೋಗುತ್ತದೆಂಬುದೂ ಗೊತ್ತಿತ್ತು. ಸುಡಲಿಲ್ಲ. ಎರಡು ತಿಂಗಳಾದ ಮೇಲೆ ಖನ್ನಾ, ಒಂದು ವೂಫರು ಕರಕರ ಎನ್ನುತ್ತಿದೆ, ನೀನೇ ಒಂದು ಸಲ ನೋಡು ಎಂದರು. ಮೇಂಟೆನೆನ್ಸಿನವರಿಂದ ಮೀಟರು ತಂದು ಆಫೀಸಿನ ಆವರಣದಲ್ಲಿ ಡಿಕ್ಕಿ ತೆಗೆಸಿ, ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದೆ. ಮೀಟರಿನ ಮುಳ್ಳು ನಾಲ್ಕಕ್ಕೆ ಒಂದು ಚೂರು ಕಡಿಮೆ ತೋರಿಸಿತು. ನಾನು ಹೇಳಿದಂತೆ ಮಾಡಿದ್ದರೆ ಒಂದೂ ಇರುತ್ತಿರಲಿಲ್ಲ. ತಂತಿಗಳ ಜಾಡಿನಲ್ಲಿ ಕಣ್ಣು ಹಾಯಿಸಿದೆ. ಎರಡು ಸಾಲು, ಎರಡು ಸಾಲು, ಆಮೇಲೆ ಜೋಡಿ. ಭಾವ ನನ್ನ ಮಾತನ್ನು ಖನ್ನಾ ಎದುರಿಗೆ ಒಪ್ಪಿಕೊಂಡು, ನಾವು ಚಹಾಕ್ಕೆ ಹೋದಾಗ ಸರಿಯಾದದ್ದನ್ನು ಮಾಡಿದ್ದರು.

ಎರಡೂ ಜೋಡಿಯಿಂದ ಹೊರಟ ನಾಲ್ಕು ತಂತಿಗಳ ತುದಿಗೂ ಒಂದೊಂದು ತುಂಡು ಬಿಳಿ ಪಟ್ಟಿ ಅಂಟಿಸಿ, ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದರು: ಎಡ ಮುಂದ, ಎಡ ಹಿಂದ, ಬಲ ಮುಂದ, ಬಲ ಹಿಂದ. ದುಂಡನೆಯ ಅಕ್ಷರ, ಏಳನೇ ಇಯತ್ತೆಯ ಅಕ್ಷರ. ಕರಕರ ಎನ್ನುತ್ತಿದ್ದುದಕ್ಕೆ ಕಾರಣ ಸಡಿಲವಾದ ಒಂದು ಸ್ಕ್ರೂ, ಅಷ್ಟೆ. ಅದನ್ನು ಬಿಗಿ ಮಾಡುತ್ತಿರುವಾಗ ಖನ್ನಾ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಇದು ಯಾವ ಲಿಪಿ? ನಿಮ್ಮದಲ್ಲವೇ? ಅವನು ನಿಮ್ಮ ಕಡೆಯವನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಿಜ ಹೇಳಲು ಅದಕ್ಕಿಂತ ಸುಲಭದ ಅವಕಾಶ ಯಾರಿಗೂ ಸಿಕ್ಕಿರಲಾರದು. ಆ ಮನುಷ್ಯ ಕೇಳಿದ್ದು ಬರೀ ಕುತೂಹಲದಿಂದ.

"ಇರಬಹುದು ಸರ್" ಎಂದೆ.

ಅವರು ಅತ್ತ ಹೋದ ಮೇಲೆ ಕಪ್ಪು ಟೇಪಿನ ಉರುಳೆ ತೆಗೆದು ಆ ನಾಲ್ಕು ಪಟ್ಟಿಗಳ ಮೇಲೂ ಸುತ್ತಿದೆ, ಒಂದು ಅಕ್ಷರವೂ ಕಾಣದ ಹಾಗೆ. ಯಾರಾದರೂ ಕೇಳಿದ್ದರೆ ತಂತಿಯ ಭದ್ರತೆಗೆ ಎನ್ನುವವನಿದ್ದೆ. ಯಾರೂ ಕೇಳಲಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಬಾಗಿನ ತೆಗೆದುಕೊಂಡು ಹೋದೆ. ಹೋಗದೆ ಇರಲು ನೆವ ಹುಡುಕಿದ್ದೆ, ಸಿಗಲಿಲ್ಲ. ಭಾವ ಎಂದಿನಂತೆ, "ಬಾ ತಮ್ಮಾ" ಎಂದರು. ಅಕ್ಕ ಎಲೆ ಹಾಕಿ ಬಡಿಸಿದಳು. ಪಾಯಸ ಬಡಿಸುವಾಗ, ತಲೆ ಎತ್ತದೆ ಹೇಳಿದಳು.

"ಹೋದ ವಾರ ನಿಮ್ಮ ಮ್ಯಾನೇಜರು ಗಾಳಾಕ್ಕೆ ಬಂದಿದ್ರು. ಸ್ನೇಹಿತರದ್ದು ಯಾರದ್ದೋ ಕಾರು ತಂದಿದ್ರು. ನಾನು ಡಬ್ಬಿ ಕೊಡೋಕೆ ಹೋಗಿದ್ದೆ."

ನಾನು ಪಾಯಸವನ್ನು ಬೆರಳಿನಿಂದ ಎಲೆಯ ನಡುವಿಗೆ ಬಳಿದುಕೊಂಡೆ.

"ಆವತ್ತು ನನ್ನ ಜೊತೆ ಬಂದಿದ್ದ ಇಂಜಿನಿಯರು ನಿಂಗೆ ಮೊದಲೇ ಗೊತ್ತಾ ಅಂತ ಇವರನ್ನ ಕೇಳಿದ್ರು. ಗಿರಾಕಿ ಸಾಬ್, ಒಂದೆರಡು ಸಲ ಬಂದಿದ್ದಾರೆ, ಅಂದ್ರು ಇವರು. ನಾನು ಅಲ್ಲೇ ನಿಂತಿದ್ದೆ. ಇವರು ನನ್ನ ಮುಖ ನೋಡಿದ್ರು. ನಾನೂ ಸುಮ್ಮನಿದ್ದೆ."

"ಊಟ ಮಾಡಲಿ ಬಿಡು" ಎಂದರು ಭಾವ.

"ಮಾಡಲಿ. ಬೇಡ ಅಂದ್ನಾ? ನನ್ನ ತಮ್ಮನ್ನ ಗಿರಾಕಿ ಅಂದದ್ದು ಕೇಳಿಸಿಕೊಂಡು ಸುಮ್ಮನಿದ್ದೆ ಅಂತ ಹೇಳ್ದೆ ಅಷ್ಟೆ. ಇನ್ನು ಸ್ವಲ್ಪ ಹಾಕ್ಲಾ?"

ಅವಳು ಹಾಕಿದಳು. ಸುಮ್ಮನೆ ಕೂರಲಾರದೆ ನಾನು, "ಭಾವ, ನೀವು ಎರಡೆರಡು ಸಾಲಾಗಿ ಕಟ್ಟಿದ್ರಿ" ಎಂದೆ. ಹೇಳಬೇಕಾಗಿದ್ದ ಮಾತು ಅದಾಗಿರಲಿಲ್ಲ.

"ಮತ್ತ?" ಎಂದರು ಭಾವ. "ನಿನ್ನ ಮಾತು ಕೇಳಿ ಸುಟ್ಟು, ಸಾಹೇಬರ ಮುಂದ ನಿನ್ನ ಹೆಸರು ಕೆಡಸ್ಲೇನು?"

ಸೋಮವಾರ ಖನ್ನಾ ಅವರಿಗೆ ಎಲ್ಲವನ್ನೂ ಹೇಳಿಬಿಡುವುದೆಂದು ನಿರ್ಧಾರ ಮಾಡಿದೆ. ಅವರ ಕ್ಯಾಬಿನ್ನಿನ ಬಾಗಿಲವರೆಗೆ ಹೋದೆ. ಅವರು ಫೋನಿನಲ್ಲಿದ್ದರು. ಆಮೇಲೆ ಬರೋಣವೆಂದು ತಿರುಗಿದೆ. ಮುಂದಿನ ಸೋಮವಾರ ಮೀಟಿಂಗು. ಇಂಥ ಸೋಮವಾರಗಳು ಒಂದು ವರ್ಷ ಬಂದವು. ಆಮೇಲೆ ಅವರು ಕೆಲಸ ಬಿಟ್ಟು ಪುಣೆಗೆ ಹೋದರು. ಬೀಳ್ಕೊಡುಗೆಯ ಸಮಾರಂಭದಲ್ಲಿ ಅವರು ನನ್ನ ಕೈ ಕುಲುಕಿ, ನಿನ್ನ ವೂಫರ್ ಇನ್ನೂ ಹಾಗೇ ಹಾಡುತ್ತಿದೆ ಎಂದರು. ನಾನು ಥ್ಯಾಂಕ್ಸ್ ಎಂದೆ.

ಗ್ಯಾರೇಜುಗಳ ಸಾಲನ್ನು ಕೆಡವಿ ಅಲ್ಲಿ ಬಿಲ್ಡಿಂಗು ಎಬ್ಬಿಸಿದಾಗ ಭಾವ ಗಾಳಾ ಬಿಟ್ಟು ಅಕ್ಕನೊಡನೆ ಹುಬ್ಬಳ್ಳಿಗೆ ಹೋದರು. ಅಲ್ಲಿ ಅಂಗಡಿ ಹಾಕಿದರು, ಚೆನ್ನಾಗಿಯೇ ನಡೆಯಿತು. ನನ್ನ ಮದುವೆಗೆ ಇಬ್ಬರೂ ಎರಡು ದಿನ ಮುಂಚೆ ಬಂದರು, ಮಂಟಪದ ದೀಪ, ಮೈಕು ಎಲ್ಲ ಭಾವನೇ ನೋಡಿಕೊಂಡರು. ಅಲ್ಲಿಗೆ ಬಂದ ನನ್ನ ಆಫೀಸಿನವರಿಗೆ ಅವರನ್ನು ಪರಿಚಯ ಮಾಡಿಸಿದೆ, ಇವರು ನನ್ನ ಭಾವ ಎಂದು, ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡ ದನಿಯಲ್ಲಿ. ಲೆಕ್ಕ ತೀರಿತು ಎಂದುಕೊಂಡೆ. ಅಕ್ಕ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ನೋಟ ಸ್ವಲ್ಪವೂ ಸಡಿಲವಾಗಿರಲಿಲ್ಲ.

ಕಳೆದ ಭಾನುವಾರ ಹಾಲಿಲ್ಲದ ಕಾಫಿ ಕುಡಿದು ಹುಬ್ಬಳ್ಳಿಗೆ ಫೋನು ಮಾಡಿದೆ. ಅಕ್ಕನೇ ಎತ್ತಿದಳು. ಭಾವ ಸ್ನಾನಕ್ಕೆ ಹೋಗಿದ್ದರು. ಆರೋಗ್ಯ, ಮಳೆ, ಮಂಡಿನೋವು ಎಲ್ಲ ಮುಗಿದ ಮೇಲೆ, ಆ ಪೆಟ್ಟಿಗೆಯ ವಿಷಯ ತೆಗೆದೆ. ಹಿಂದಿಯಲ್ಲಿ ಮಾತಾಡಿಸಿದ್ದು, ತುಮ್ ಎಂದದ್ದು ಅವಳಿಗೆ ಗೊತ್ತಿರಲಿಲ್ಲ, ಭಾವ ಹೇಳಿರಲೇ ಇಲ್ಲ. ಖನ್ನಾ ಲಿಪಿಯ ವಿಷಯ ಕೇಳಿದ್ದು, ನಾನು ಇರಬಹುದು ಎಂದದ್ದು, ಆಮೇಲೆ ಆ ಅಕ್ಷರಗಳ ಮೇಲೆ ಕಪ್ಪು ಟೇಪು ಸುತ್ತಿದ್ದು, ಇದಂತೂ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಹೇಳಿದೆ.

"ಇದನ್ನ ಅವರಿಗೆ ನಾನು ಹೇಳಲ್ಲ" ಎಂದಳು ಅಕ್ಕ. "ಫೋನಿನಲ್ಲೂ ಹೇಳ್ಬೇಡ. ಬಂದು ಅವರ ಎದುರಿಗೆ ಕೂತು ಹೇಳು."

"ಅವರು ನಕ್ಕುಬಿಡ್ತಾರೆ ಅಕ್ಕ, ಬಿಡು ತಮ್ಮಾ ಅಂತಾರೆ."

"ಅಂದ್ರೆ ಅನ್ನಲಿ. ನೀನು ಹೇಳು."

ಶುಕ್ರವಾರದ ರೈಲಿಗೆ ಟಿಕೆಟ್ ತೆಗೆಯಲು ಕೂತಾಗ ಹೆಂಡತಿ, ಇದ್ದಕ್ಕಿದ್ದಂತೆ ಹುಬ್ಬಳ್ಳಿಯಲ್ಲಿ ಏನು ಎಂದು ಕೇಳಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೂ ಹೇಳಿರಲಿಲ್ಲ. ಹೇಳಿದೆ. ಅವಳು ಮಡಿಸುತ್ತಿದ್ದ ಬಟ್ಟೆ ಬದಿಗಿಟ್ಟು ಪೂರ್ತಿ ಕೇಳಿದಳು. ಸಮಾಧಾನ ಹೇಳುತ್ತಾಳೆಂದು ನಾನು ಕಾದೆ. ಹೇಳಲಿಲ್ಲ.

"ನಾನೂ ಬರ್ತೀನಿ" ಎಂದಳು.

"ನೀನ್ಯಾಕೆ?"

"ಕಪ್ಪು ಟೇಪಿನವರೆಗೆ ಹೇಳ್ತೀರೋ, ಮಧ್ಯದಲ್ಲೇ ನಿಲ್ಲಿಸಿಬಿಡ್ತೀರೋ, ನೋಡೋಕೆ."

ಎರಡು ಟಿಕೆಟ್ ತೆಗೆದೆ.